ಎಪ್ಪತ್ತೊಂಬತ್ತನೇ ನಂಬರಿನ ಮಾರುತಿ

ಕಲ್ಲೇಶನಿಗೆ ಲೈಸೆನ್ಸ್ ಇರಲಿಲ್ಲ.

ಕಾರು ಓಡಿಸಲು ಬರುತ್ತಿರಲಿಲ್ಲ ಎಂದಲ್ಲ. ಮುಂದಕ್ಕೆ ಓಡಿಸುವುದರಲ್ಲಿ ಅವನು ರಾಯದುರ್ಗದಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಗುಮ್ಮಘಟ್ಟದ ರಸ್ತೆಯಲ್ಲಿ ಕುರಿಮಂದೆ ಅಡ್ಡ ಬರದ ದಿನ ಎಪ್ಪತ್ತರವರೆಗೂ ಮುಟ್ಟಿಸಿದ್ದ. ತೊಂದರೆ ಇದ್ದದ್ದು ರಿವರ್ಸಿನಲ್ಲಿ. ಕುತ್ತಿಗೆ ಹಿಂದಕ್ಕೆ ತಿರುಗಿಸಿದ ಕೂಡಲೇ ಅವನಿಗೆ ಎಡ ಯಾವುದು ಬಲ ಯಾವುದು ತಿಳಿಯದೆ ಕೈ ಒಂದು ಕಡೆ, ಗಾಡಿ ಇನ್ನೊಂದು ಕಡೆ ಹೋಗುತ್ತಿತ್ತು. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಕಂಬಗಳ ನಡುವೆ ಹಿಂದಕ್ಕೆ ಬಾ ಎಂದರು. ಮೊದಲ ಸಲ ಎರಡು ಕಂಬ ಬಿದ್ದವು. ಎರಡನೆಯ ಸಲ ಕಂಬಗಳಿಗೆ ಏನೂ ಆಗಲಿಲ್ಲ. ಇನ್ಸ್‌ಪೆಕ್ಟರು ಕೂತಿದ್ದ ಕುರ್ಚಿ ಬಿತ್ತು. ಇನ್ಸ್‌ಪೆಕ್ಟರು ಅಷ್ಟರಲ್ಲಿ ಎದ್ದಿದ್ದರು. ಮೂರನೆಯ ಸಲಕ್ಕೆ ಎಲ್‌ಎಲ್‌ಆರ್ ಅವಧಿ ಮುಗಿಯಿತು. ಕಲ್ಲೇಶನೂ ಬಿಟ್ಟುಬಿಟ್ಟ.

ಲೈಸೆನ್ಸ್ ಇಲ್ಲದವನ ಮನೆಮುಂದೆ ಕಾರು ಯಾಕಿತ್ತು ಎಂದರೆ, ಅದು ಮಾವನದು. ಮಾವ ದೊಡ್ಡರಂಗಪ್ಪ ಮಡಕಶಿರಾ ಕಡೆಯ ರೇಷ್ಮೆ ಬೆಳೆಗಾರ. ಕಲ್ಲೇಶ ಅವರ ಮಗಳು ಶಿವಲಕ್ಷ್ಮಿಯನ್ನು ಅನಂತಪುರದಲ್ಲಿ ಪ್ರೀತಿಸಿ, ಜಾತಿ ಬೇರೆಯಾದ್ದರಿಂದ ಯಾರನ್ನೂ ಕೇಳದೆ ರಿಜಿಸ್ಟರ್ ಮದುವೆಯಾಗಿದ್ದ. ಅದಾಗಿ ಏಳು ವರ್ಷ. ಮೊದಲ ಐದು ವರ್ಷ ದೊಡ್ಡರಂಗಪ್ಪ ಮಗಳೊಂದಿಗೂ ಮಾತು ಬಿಟ್ಟಿದ್ದರು. ಆಮೇಲೆ ಮಂಡಿ ಆಪರೇಷನ್ ಆಗಿ ಕಾರಿನ ಕ್ಲಚ್ ತುಳಿಯಲು ಆಗದೆ ಹೋದಾಗ ಮಗಳೊಂದಿಗೆ ಮಾತಾಡಿದರು. ಅಳಿಯನೊಂದಿಗೆ ಇನ್ನೂ ಆಡಿರಲಿಲ್ಲ. ಅವನು ಎದುರಿಗೆ ಕೂತಿದ್ದರೂ ಮಗಳ ಕಡೆ ತಿರುಗಿ ಹೇಳುತ್ತಿದ್ದರು.

"ನಿನ್ ಗಂಡಂಗೆ ಹೇಳಮ್ಮಿ, ಕಾರು ತಗಂಡೋಗಿ ಇಟ್ಕಳ್ಳಲಿ. ಗೂಡು ಬಿಡಿಸೋ ದಿನ ತಂದು ನಿಲ್ಲಿಸ್ಲಿ. ಹಿಂದೂಪುರದ ಮಾರ್ಕೆಟ್ಟಿಗೆ ಹಾಕಿ ಬರ್ಲಿ."

"ಆಗ್ಲಿ ಮಾವ," ಎಂದಿದ್ದ ಕಲ್ಲೇಶ.

"ಏನಂದ?" ಎಂದು ದೊಡ್ಡರಂಗಪ್ಪ ಮಗಳನ್ನು ಕೇಳಿದ್ದರು.

ಮಾವ ಒಂದು ಸಲ ತನ್ನ ಮುಖ ನೋಡಿ ಮಾತಾಡಬೇಕು. ಬೈದರೂ ಪರವಾಗಿಲ್ಲ. ಕಲ್ಲೇಶನಿಗೆ ಜೀವನದಲ್ಲಿ ಬೇಕಿದ್ದದ್ದು ಹೆಚ್ಚು ಕಡಿಮೆ ಇಷ್ಟೇ. ಅದಕ್ಕಿದ್ದ ದಾರಿಯೆಂದರೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ ಆ ಹಳೆಯ ಮಾರುತಿ ಎಂಟುನೂರು. ಅದು ಪ್ರತಿ ಬೆಳೆಗೂ ಹೇಳಿದ ದಿನ ಮಡಕಶಿರಾದಲ್ಲಿ ನಿಂತಿರಬೇಕು. ಒಂದು ವರ್ಷದಿಂದ ನಿಲ್ಲುತ್ತಿತ್ತು ಕೂಡ. ಓಡಿಸುತ್ತಿದ್ದವನು ಮಾತ್ರ ಮೆಕ್ಯಾನಿಕ್ ತಿಪ್ಪೇಶ. ಕಲ್ಲೇಶ ಪಕ್ಕದಲ್ಲಿ ಕೂತು ಹೋಗಿಬರುತ್ತಿದ್ದ.

ಕಲ್ಲೇಶನದು ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ಗಳಿಗೆ ಜಿಪ್ಪು, ಗುಂಡಿ, ಲೇಬಲ್ ಒದಗಿಸುವ ಅಂಗಡಿ. ಅಂಥ ಒಂದು ಯೂನಿಟ್ಟಿನ ಯಜಮಾನ ಭರತ್ ಹೊಸದಾಗಿ ಎತ್ತರದ ಕಾರು ಕೊಂಡಿದ್ದ. ಒಂದು ದಿನ ಅಂಗಡಿ ಮುಂದೆ ಅದನ್ನು ನಿಲ್ಲಿಸಿ, ಇಳಿಯದೆ, ಗಾಜು ಮಾತ್ರ ಇಳಿಸಿ ಕೇಳಿದ.

"ಕಲ್ಲೇಶಣ್ಣ, ನಿನ್ನ ಕಾರು ಯಾವಾಗ್ಲೂ ತಿಪ್ಪೇಶನೇ ಓಡಸ್ತಾನಲ್ಲ. ನಿನಗ ಬರಂಗಿಲ್ಲೇನು?"

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಬರುವುದಿಲ್ಲ ಎಂದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ಅದು ರೋಡಿಗೆ ಓಡ್ಸೋ ಗಾಡಿ ಅಲ್ಲಪ," ಎಂದ ಕಲ್ಲೇಶ. "ರೇಸಿಗೆ ರೆಡಿ ಮಾಡಾಕತ್ತೀನಿ."

ಹಿಂದಿನ ರಾತ್ರಿ ಊಟ ಮಾಡುತ್ತ ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದೇ ಈ ಮಾತಿಗೆ ಮೂಲ. ಯಾವುದೋ ದೇಶದಲ್ಲಿ ಇಬ್ಬರು ಗಡ್ಡದವರು ಹಳೆಯ ಸಣ್ಣ ಕಾರೊಂದನ್ನು ಕಡಿಮೆ ಖರ್ಚಿನಲ್ಲಿ ರೇಸ್ ಕಾರು ಮಾಡುತ್ತಿದ್ದರು. ಭಾಷೆ ತಿಳಿಯದ್ದರಿಂದ ಕಲ್ಲೇಶ ಸೌಂಡ್ ತೆಗೆದು ನೋಡಿದ್ದ. ಹಾಗಾಗಿ ಅವರು ಏನೇನು ಕಿತ್ತರು ಎಂಬುದು ಅವನಿಗೆ ಚೆನ್ನಾಗಿ ತಿಳಿದಿತ್ತು. ಯಾಕೆ ಕಿತ್ತರು ಎಂಬುದು ತಿಳಿದಿರಲಿಲ್ಲ.

ರೇಸೂ ಸಿಕ್ಕಿತು. ಬಳ್ಳಾರಿ ಹತ್ತಿರ ಒಂದು ಬಯಲಿನಲ್ಲಿ, ಭಾನುವಾರ, ಮಣ್ಣಿನ ಟ್ರ್ಯಾಕು, ಹಳೆಯ ಕಾರಿನವರಿಗೂ ಅವಕಾಶ. ಕಲ್ಲೇಶ ಅರ್ಜಿ ಫಾರಂ ತರಿಸಿಕೊಂಡ. ಲೈಸೆನ್ಸ್ ನಂಬರ್ ಎಂಬಲ್ಲಿ ಖಾಲಿ ಬಿಟ್ಟು ಉಳಿದದ್ದೆಲ್ಲ ದುಂಡಗೆ ತುಂಬಿದ. ರೇಸಿನಲ್ಲಿ ಯಾರೂ ಹಿಂದಕ್ಕೆ ಓಡಿಸುವುದಿಲ್ಲವಾದ್ದರಿಂದ ಅಲ್ಲಿ ತಾನು ಉಳಿದವರಿಗೆ ಸಮ ಎಂದು ಅವನ ಲೆಕ್ಕ. ಮುಂದಿನ ಗೂಡಿನ ಬೆಳೆ ಬುಧವಾರಕ್ಕೆ. ಭಾನುವಾರ ರೇಸು, ಸೋಮವಾರ ಸೀಟು ವಾಪಸ್ ಜೋಡಿಸುವುದು, ಬುಧವಾರ ಮಡಕಶಿರಾ. ಮಾವನಿಗೆ ಏನೂ ತಿಳಿಯುವುದಿಲ್ಲ. ಶಿವಲಕ್ಷ್ಮಿಯೂ ಹುಳದ ಕೆಲಸಕ್ಕೆ ಸಹಾಯವಾಗಲೆಂದು ತವರಿಗೆ ಹೋಗಿದ್ದಳು.

ಕೆಲಸ ತಿಪ್ಪೇಶನ ಕೈಗೆ ಹೋಯಿತು. ತಿಪ್ಪೇಶ ಓಬಳಾಪುರದಲ್ಲಿ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅದಿರಿನ ಟಿಪ್ಪರ್‌ಗಳಿಗೆ ವೆಲ್ಡಿಂಗ್ ಮಾಡಿ ಕೈ ಪಳಗಿದವನು. ಗಾಡಿ ಯಾವುದೇ ಇರಲಿ, ಅದು ಹದಿನೈದು ಟನ್ ಹೊರಬೇಕು ಎಂಬುದು ಅವನ ನಂಬಿಕೆ.

"ತೂಕ ಕಡಿಮಿ ಮಾಡ್ಬೇಕು ತಿಪ್ಪೇಶ," ಎಂದ ಕಲ್ಲೇಶ.

ಪಕ್ಕದ ಸೀಟು, ಹಿಂದಿನ ಸೀಟು, ಕೆಳಗಿನ ಚಾಪೆ, ಬಾಗಿಲ ಗಾಜು, ಸೈಲೆನ್ಸರ್ ಎಲ್ಲ ಹೊರಗೆ ಬಂದವು. ಹಿಂದಿನ ದೊಡ್ಡ ಗಾಜು ತೆಗೆಯುವಾಗ ಒಡೆಯಿತು. ಆ ಜಾಗಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿದರು.

"ಉಲ್ಟಾ ಆದ್ರ ತಲಿ ಉಳೀಬೇಕಲ್ಲ, ಒಳಗ ಪೈಪಿನ ಪಂಜರ ಕಟ್ತಾರ," ಎಂದ ಕಲ್ಲೇಶ.

ತಿಪ್ಪೇಶ ಬೋರ್‌ವೆಲ್ಲಿನ ಎರಡಿಂಚು ಪೈಪು ತಂದು ಪಂಜರ ಕಟ್ಟಿದ. ತೆಗೆದ ತೂಕಕ್ಕಿಂತ ಹಾಕಿದ ತೂಕ ಹೆಚ್ಚಾಯಿತು. ಪಂಜರ ಹೊರಬೇಕಲ್ಲ ಎಂದು ಹಿಂದಿನ ಸ್ಪ್ರಿಂಗ್ ಕಿತ್ತು ಯಾವುದೋ ಲಗೇಜ್ ಗಾಡಿಯ ಸ್ಪ್ರಿಂಗ್ ಹಾಕಿದ. ಕಾರಿನ ಹಿಂಭಾಗ ಚೇಳಿನ ಬಾಲದಂತೆ ಎದ್ದು ನಿಂತಿತು.

ಬಾಗಿಲಿಗೆ ನಂಬರ್ ಬೇಕಾಯಿತು. ಅಂಗಡಿಯಲ್ಲಿ ಪ್ಯಾಂಟಿನ ಸೈಜಿನ ಅಂಟು ಅಂಕಿಗಳಿದ್ದವು. ಮೂವತ್ತು, ಮೂವತ್ತೆರಡು, ಮೂವತ್ತನಾಲ್ಕು, ಹೀಗೆ ಊರಿನ ಸೊಂಟಗಳಿಗೆ ಬೇಕಾದ ಅಂಕಿಗಳೆಲ್ಲ ಖರ್ಚಾಗಿ, ಯಾರಿಗೂ ಬೇಡದ ಏಳು ಮತ್ತು ಒಂಬತ್ತು ಮಾತ್ರ ಉಳಿದಿದ್ದವು. ದೊಡ್ಡದಾಗಿ ಕಾಣಲೆಂದು ಅವುಗಳನ್ನೇ ಸಾಲು ಸಾಲಾಗಿ ಅಂಟಿಸಿ ಎಪ್ಪತ್ತೊಂಬತ್ತು ಎಂದು ಬರೆದರು.

ಮೊದಲು ವಿಚಾರಿಸಿದವರು ಎದುರುಮನೆಯ ಉಜ್ಜಿನಪ್ಪ. ನಿವೃತ್ತ ಗ್ರಾಮಲೆಕ್ಕಿಗರು. ಬೀದಿಯಲ್ಲಿ ಏನೇ ನಡೆದರೂ ತಮ್ಮ ಸಹಿ ಬೇಕು ಎಂಬ ಭಾವನೆ ಇನ್ನೂ ಹೋಗಿರಲಿಲ್ಲ.

"ಏನಪ ಕಲ್ಲೇಶ, ಗಾಡಿ ಗುಜರಿಗೆ ಹಾಕಾಕತ್ತೀಯೇನು?"

"ಇಲ್ರಿ. ತೂಕ ಇಳಸಾಕತ್ತೀನಿ."

"ತೂಕ ಇಳೀಬೇಕಂದ್ರ ನೀನು ಒಂದು ಹೊತ್ತು ಊಟ ಬಿಡು. ಸೀಟೇನು ಮಾಡಿತ್ತು ನಿನಗ?" ಎಂದವರೇ ಕಿತ್ತಿಟ್ಟಿದ್ದ ಮುಂದಿನ ಸೀಟಿನ ಮೇಲೆ ಕೂತು ನೋಡಿದರು. ಬೆನ್ನಿಗೆ ಹಿತವಾಯಿತು. "ಇದು ಮಳಿಗೆ ಬಿಸಿಲಿಗೆ ಹಾಳಾಗ್ತತಿ. ನಮ್ಮ ಕಟ್ಟಿ ಮ್ಯಾಲ ಇರಲಿ ಬಿಡು."

ಹಿಂದಿನ ಸೀಟನ್ನು ಪಕ್ಕದ ಮನೆಯ ಬಸವರಾಜೇಶ್ವರಿ ಇದೇ ಕಾರಣಕ್ಕೆ ಒಳಗೆ ಒಯ್ದರು.

ಸ್ಪ್ರಿಂಗ್ ಹಾಕಿದ ಮೇಲೆ ಉಜ್ಜಿನಪ್ಪನವರಿಗೆ ವಿಷಯ ಹೊಳೆಯಿತು. ರಾಯದುರ್ಗದಲ್ಲಿ ಬೆಳೆದವರಿಗೆ ಹೊಳೆಯಲೇಬೇಕು. ಊರು ಆಂಧ್ರದ್ದು, ಒಂದು ಕಾಲು ಚಾಚಿದರೆ ಕರ್ನಾಟಕ. ಅಲ್ಲಿನ ಎಣ್ಣೆಯ ಪಾಕೀಟು, ಅಂದರೆ ಅಗ್ಗದ ಮದ್ಯ, ಕದ್ದು ಈ ಕಡೆ ತರುವವರು ಮಾಡುವುದೇ ಇಷ್ಟು: ಹಿಂದಿನ ಸೀಟು ಕೀಳುತ್ತಾರೆ, ಮಾಲು ತುಂಬಿದರೂ ಗಾಡಿ ಕುಗ್ಗದಂತೆ ಸ್ಪ್ರಿಂಗ್ ಬಿಗಿ ಮಾಡುತ್ತಾರೆ. ಜಿಪ್ಪು ಮಾರುವ ಕಲ್ಲೇಶನಿಗೆ ಇಷ್ಟು ಧೈರ್ಯ ಇದೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಎರಡು ದಿನದಲ್ಲಿ ಬೀದಿಯಲ್ಲಿ ಅವನಿಗೆ ಮರ್ಯಾದೆ ಬಂತು. ಟೀ ಅಂಗಡಿಯಲ್ಲಿ ಬೆಂಚು ಖಾಲಿ ಮಾಡಿಕೊಟ್ಟರು. ಮೂರು ವರ್ಷದಿಂದ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ ಕಟಿಂಗ್ ಮಾಸ್ಟರ್ ನಿಂತು ನಮಸ್ಕಾರ ಮಾಡಿದ. ಕಲ್ಲೇಶ ಇದೆಲ್ಲ ರೇಸಿನ ಪ್ರಭಾವ ಎಂದುಕೊಂಡ.

ಉಜ್ಜಿನಪ್ಪ ಕಾರಿನ ಸೀಟಿನಲ್ಲಿ ಒರಗಿ, ಅವನನ್ನು ಹತ್ತಿರ ಕರೆದು, ದನಿ ಇಳಿಸಿ ಕೇಳಿದರು.

"ಯಾವ ದಾರ್ಯಾಗ ಓಡಸ್ತೀಯಪ?"

"ಓಬಳಾಪುರದ ಕಡೆ ಮಣ್ಣಿನ ದಾರಿ ಅದಾವಲ್ರಿ, ಅಲ್ಲೇ ಪ್ರಾಕ್ಟೀಸು."

"ಜಾಣ. ಅಲ್ಲಿ ಯಾರೂ ತಡ್ಯಂಗಿಲ್ಲ."

"ಇದ್ರಾಗ ಟೈಮ್ ಮುಖ್ಯ ನೋಡ್ರಿ. ಒಂದು ಸೆಕೆಂಡ್ ತಡ ಆದ್ರೂ ಹೋತು."

"ಹೌದಪ. ಸಿಕ್ಕಿಬಿದ್ರ ಮುಗೀತು."

"ಸಿಕ್ಕಿಬೀಳೋದಲ್ರಿ, ಹಿಂದ ಬೀಳೋದು."

"ಅದಾ ಮತ್ತ. ಹಿಂದ ಬಿದ್ದವ್ರೇ ಸಿಕ್ಕಿಬೀಳ್ತಾರ."

ಕಲ್ಲೇಶನಿಗೆ ಉಜ್ಜಿನಪ್ಪನವರ ಮೋಟಾರು ಜ್ಞಾನದ ಬಗ್ಗೆ ಗೌರವ ಹುಟ್ಟಿತು.

ಅದೇ ಸಂಜೆ ಬಸವರಾಜೇಶ್ವರಿ ಬಾಗಿಲಿಗೆ ಬಂದರು. ಗುರುವಾರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. "ಗಂಡಸ್ರು ಬಾಳ ಮಂದಿ ಬರ್ತಾರ ಕಲ್ಲೇಶ. ನಿನ್ನ ಕಡೆಯಿಂದ ನಾಲ್ಕು ಬಾಕ್ಸ್ ಕಳಿಸಿಬಿಡಪ. ಯಾರಿಗೂ ಹೇಳಂಗಿಲ್ಲ."

ತೊಟ್ಟಿಲ ಶಾಸ್ತ್ರಕ್ಕೆ ಅದೆಷ್ಟು ಬಟ್ಟೆ ಹೊಲಿಸುತ್ತಾರೋ ಎಂದುಕೊಂಡು ಕಲ್ಲೇಶ ನಾಲ್ಕು ಬಾಕ್ಸ್ ಹಿತ್ತಾಳೆ ಗುಂಡಿ ಕಳಿಸಿದ. ಗುರುವಾರ ಹಿತ್ತಲಲ್ಲಿ ಗಂಡಸರು ಸುತ್ತ ಕೂತು ಬಾಕ್ಸ್ ಬಿಚ್ಚಿದರು. ಒಂದು ಬಾಕ್ಸ್, ಎರಡು ಬಾಕ್ಸ್, ನಾಲ್ಕೂ ಗುಂಡಿ. ಕೈಯಲ್ಲಿ ಹಿಡಿದಿದ್ದ ಖಾಲಿ ಲೋಟಗಳನ್ನು ಕೆಳಗಿಟ್ಟರು.

"ಮೊದಲ್ನೇ ಲೋಡ್ ಗುಂಡಿ ಕಳಿಸ್ಯಾನ," ಎಂದರು ಉಜ್ಜಿನಪ್ಪ ಕೊನೆಗೆ. "ಯಾರು ಬಾಯಿ ಬಿಡ್ತಾರ ಅಂತ ಪರೀಕ್ಷೆ ಮಾಡಾಕತ್ತಾನ. ದೊಡ್ಡ ತಲಿ ಅದು."

ಶುಕ್ರವಾರ ಮಧ್ಯಾಹ್ನ ಶಿವಲಕ್ಷ್ಮಿಯ ಫೋನು ಬಂತು.

"ರೀ, ಬಿಸಿಲಿಗೆ ಹುಳ ಮೊದ್ಲೇ ಹಣ್ಣಾಗಿ ಗೂಡು ಕಟ್ಬಿಟ್ಟವೆ. ಇವತ್ತು ಬಿಡಿಸ್ತಾವ್ರೆ. ನಾಳೆ ಬೆಳಿಗ್ಗೆ ಗಾಡಿ ಬೇಕಂತೆ ಅಪ್ಪಂಗೆ."

"ಸೋಮವಾರ ಆಗಲ್ವಾ?"

"ಚಿಟ್ಟೆ ಗೂಡು ತೂತು ಮಾಡ್ಕಂಡು ಈಚೆಗೆ ಬಂದ್ರೆ ಸೋಮವಾರ ನೀವೇ ಹಿಡ್ಕಂಡೋಗಿ ಮಾರಿ."

ಕಲ್ಲೇಶ ಎದುರುಮನೆಗೆ ಓಡಿದ. ಉಜ್ಜಿನಪ್ಪ ಸೀಟಿನ ಕೆಳಗೆ ಸಿಮೆಂಟ್ ಹಾಕಿಸಿ, ಅದನ್ನು ಕಟ್ಟೆಯ ಒಂದು ಭಾಗ ಮಾಡಿಬಿಟ್ಟಿದ್ದರು. ಸೀಟಿನ ಬೆಲ್ಟನ್ನೂ ಗೋಡೆಗೆ ಮೊಳೆ ಹೊಡೆದು ಕೂಡಿಸಿದ್ದರು. ಪಕ್ಕದ ಮನೆಯಲ್ಲಿ ಹಿಂದಿನ ಸೀಟಿನ ಮೇಲೆ ಬಸವರಾಜೇಶ್ವರಿಯವರ ಅತ್ತೆ ಮಲಗಿದ್ದರು. ಎಂಟು ವರ್ಷದಿಂದ ನಿದ್ದೆ ಇಲ್ಲದ ಮುದುಕಿ, ಮೂರು ದಿನದಿಂದ ಗೊರಕೆ ಹೊಡೆಯುತ್ತಿದ್ದಾರಂತೆ.

"ನೀನೇ ಎಬ್ಬಿಸಪ," ಎಂದರು ಬಸವರಾಜೇಶ್ವರಿ. ಕಲ್ಲೇಶ ವಾಪಸ್ ಬಂದ.

ತಿಪ್ಪೇಶನ ಶೆಡ್ಡಿನಲ್ಲಿ ಒಂದು ಟಿಪ್ಪರಿನ ಇಂಜಿನ್ ಬಿಚ್ಚಿ ಹರಡಿತ್ತು. "ನಾಳಿ ಬರಾಕ ಆಗಂಗಿಲ್ಲಣ್ಣ. ಅಲ್ಲ, ನಾಡಿದ್ದ ರೇಸ್ ಓಡಿಸ್ತೀಯ. ಮಡಕಶಿರಾತನಕ ಹೋಗಾಕ ನಾನ್ಯಾಕ ಬೇಕು ನಿನಗ?"

ಶೆಡ್ಡಿನಲ್ಲಿ ಇನ್ನೂ ಮೂವರು ಇದ್ದರು. "ಅದೂ ಹೌದು," ಎಂದ ಕಲ್ಲೇಶ.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಉಜ್ಜಿನಪ್ಪನವರೇ ಎದ್ದು ಬಂದು ಮುಂದಿನ ಎರಡು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಸೈಲೆನ್ಸರ್ ಇಲ್ಲದ ಇಂಜಿನ್ ಶುರುವಾದಾಗ ಬೀದಿಯ ಎಲ್ಲ ಬಾಗಿಲೂ ತೆರೆದವು. ಕಾರು ತಿರುವು ದಾಟಿದ ಮೇಲೂ ಸದ್ದು ಕೇಳುತ್ತಿತ್ತು. ಇಷ್ಟು ಸದ್ದು ಮಾಡಿಕೊಂಡು ಹೋದರೆ ಹುಡುಗ ಸಿಕ್ಕಿಬೀಳುತ್ತಾನೆ ಎಂದು ಉಜ್ಜಿನಪ್ಪನವರಿಗೆ ನಿಜವಾಗಿಯೂ ಚಿಂತೆಯಾಯಿತು. ಮಡಕಶಿರಾ ಕಡೆ ಕೆಲಸ ಮಾಡಿದ ಕಾಲದಲ್ಲಿ ಪರಿಚಯವಾಗಿದ್ದ ನರಸಪ್ಪ ಈಗ ಅಲ್ಲಿ ಹೆಡ್ ಕಾನ್‌ಸ್ಟೇಬಲ್. ಎಂಟು ಗಂಟೆಗೆ ಉಜ್ಜಿನಪ್ಪ ಅವನಿಗೆ ಫೋನು ಮಾಡಿದರು.

"ನರಸಪ್ಪ, ನಮ್ಮ ಹುಡುಗ ಒಬ್ಬ ನಿಮ್ಮ ಕಡೆ ಬರಾಕತ್ತಾನ. ಬಿಳಿ ಮಾರುತಿ, ಹಿಂದ ಎತ್ತರ, ಬಾಗಿಲ ಮ್ಯಾಲ ಎಪ್ಪತ್ತೊಂಬತ್ತು. ಮಾಲು ಇರ್ತತಿ. ಸ್ವಲ್ಪ ನೋಡ್ಕ್ಯಾ."

ನರಸಪ್ಪ ಆಗ ಜೀಪು ಓಡಿಸುತ್ತಿದ್ದ. ಫೋನು ಜೀಪಿನ ಸ್ಪೀಕರಿಗೆ ಸೇರಿತ್ತು. ಪಕ್ಕದ ಸೀಟಿನಲ್ಲಿ ಹೊಸದಾಗಿ ಬಂದಿದ್ದ ಎಸ್‌ಐ ವಿದ್ಯಾಶ್ರೀ ಕೂತಿದ್ದರು.

"ನೋಡ್ಕಳ್ಳೋಣ ಅಂತ ಹೇಳಿ," ಎಂದರು ಅವರು.

ಕಲ್ಯಾಣದುರ್ಗ, ಪಾವಗಡ ದಾಟಿ, ಒಮ್ಮೆ ಕರ್ನಾಟಕಕ್ಕೆ ಹೊಕ್ಕು ಮತ್ತೆ ಆಂಧ್ರಕ್ಕೆ ಬಂದು, ಒಂದು ಸಲವೂ ರಿವರ್ಸ್ ಹಾಕದೆ ಕಲ್ಲೇಶ ಹತ್ತು ಗಂಟೆಗೆ ಮಾವನ ಊರು ಸೇರಿದ. ದಾರಿಯುದ್ದಕ್ಕೂ ಒಂದೇ ಯೋಚನೆ: ಸೀಟು ಎಲ್ಲಿ ಎಂದು ಮಾವ ಕೇಳಿದರೆ ಏನು ಹೇಳುವುದು. ಕೇಳುವುದಿದ್ದರೂ ಶಿವಲಕ್ಷ್ಮಿಯನ್ನು ಕೇಳುತ್ತಾರೆ, ಅವಳಿಗೆ ಏನು ಹೇಳುವುದು.

ದೊಡ್ಡರಂಗಪ್ಪ ಕೋಲೂರಿಕೊಂಡು ಕಾರನ್ನು ಒಂದು ಸುತ್ತು ಹಾಕಿದರು. ಒಳಗೆ ಇಣುಕಿದರು. ಪೈಪು ಹಿಡಿದು ಅಲುಗಾಡಿಸಿದರು. ಶಿವಲಕ್ಷ್ಮಿ ಗಂಡನ ಮುಖ ನೋಡಿದಳು. ಗಂಡ ನಿಂಬೆಹಣ್ಣಿನ ಸಿಪ್ಪೆ ಅಂಟಿದ ಚಕ್ರ ನೋಡುತ್ತಿದ್ದ.

"ಏನಮ್ಮಿ," ಎಂದರು ದೊಡ್ಡರಂಗಪ್ಪ ನಿಧಾನವಾಗಿ, "ನಿನ್ ಗಂಡಂಗೆ ಬುದ್ಧಿ ಬಂದೈತಲ್ಲ."

ಕೋಲಿನಿಂದ ಒಳಗಿನ ಖಾಲಿ ಜಾಗ ತೋರಿಸಿದರು.

"ಸೀಟೆಲ್ಲ ಕಿತ್ತಾಕಿ ಚೀಲಕ್ಕೆ ಜಾಗ ಮಾಡವ್ನೆ. ಗೂಡು ಒಂದರ ಮ್ಯಾಲೊಂದು ಬಿದ್ದು ಅಮುಕ್ಕೊಂಡು ಹೋಗ್ಬಾರ್ದು ಅಂತ ಪೈಪು ಕಟ್ಸವ್ನೆ. ಭಾರಕ್ಕೆ ಸ್ಪ್ರಿಂಗ್ ಹಾಕ್ಸವ್ನೆ. ಗಾಳಿ ಆಡ್ಲಿ ಅಂತ ಗಾಜೂ ತೆಗ್ಸವ್ನೆ. ನಾನು ಹತ್ತು ವರ್ಷ ಈ ಕಾರಲ್ಲಿ ಗೂಡು ಹೊತ್ತೆ, ನಂಗೆ ಹೊಳೀಲಿಲ್ಲ ನೋಡು."

ಇದು ರೇಸ್ ಕಾರು ಎಂದು ಹೇಳಲು ಕಲ್ಲೇಶ ಬಾಯಿ ತೆರೆದ. ಅಷ್ಟರಲ್ಲಿ ಮಾವನ ಕಣ್ಣು ಅವನ ಕಡೆ ತಿರುಗಿತು. ತುಟಿ ಅಲ್ಲಾಡಿತು. ಏಳು ವರ್ಷದಲ್ಲಿ ಮಾತು ಇಷ್ಟು ಹತ್ತಿರ ಬಂದದ್ದಿಲ್ಲ. ಆದರೆ ಕೊನೇ ಗಳಿಗೆಯಲ್ಲಿ ಮುಖ ಮಗಳ ಕಡೆ ಹೊರಳಿತು. "ಊಟಕ್ಕೆ ಕೂರ್ಸು," ಎಂದರು.

ಅತ್ತೆ ಕದಿರಮ್ಮ ಅಳಿಯನಿಗೆ ಎರಡನೆಯ ಮುದ್ದೆ ಕೇಳದೆಯೇ ಇಟ್ಟರು. ಕಲ್ಲೇಶ ರೇಸಿನ ವಿಷಯವನ್ನು ಮುದ್ದೆಯ ಜೊತೆ ನುಂಗಿದ.

ಹನ್ನೆರಡು ಚೀಲ ಗೂಡು ತುಂಬಿತು. ಒಂದೂ ಹೊರಗೆ ಉಳಿಯಲಿಲ್ಲ. ತೊಂದರೆ ಇದ್ದದ್ದು ಎರಡು. ಮನೆಯ ಓಣಿಗೆ ಆ ಕಡೆ ದಾರಿಯಿಲ್ಲ; ಹಿಂದಕ್ಕೇ ಹೋಗಬೇಕು.

"ರಿವರ್ಸ್ ಹಾಕಿದ್ರೆ ಜರ್ಕ್ ಹೊಡೆದು ಗೂಡು ಅಲುಗಾಡ್ತಾವೆ. ಕೈಯಲ್ಲಿ ತಳ್ಳಿದ್ರೆ ವಾಸಿ," ಎಂದ ಕಲ್ಲೇಶ.

ದೊಡ್ಡರಂಗಪ್ಪ ಮೆಚ್ಚಿ ತಲೆಯಾಡಿಸಿ ನಾಲ್ಕು ಜನರನ್ನು ಕರೆಸಿದರು.

ಎರಡನೆಯದು ಕೂರುವ ಜಾಗ. ಬೆಳೆ ತನ್ನ ಹೆಸರಿನಲ್ಲಿರುವುದರಿಂದ ಹರಾಜಿಗೆ ತಾನೇ ಹೋಗಬೇಕು ಎಂದರು ದೊಡ್ಡರಂಗಪ್ಪ. ಕದಿರಮ್ಮ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದರು. ಅದರ ನಾಲ್ಕು ಕಾಲನ್ನೂ ಹಗ್ಗದಿಂದ ಪಂಜರಕ್ಕೆ ಬಿಗಿದರು. ದೊಡ್ಡರಂಗಪ್ಪ ಅದರಲ್ಲಿ ಕೂತು, ತೊಡೆಯ ಮೇಲೆ ಪಾಸ್‌ಬುಕ್ಕಿನ ಚೀಲ ಇಟ್ಟುಕೊಂಡು, ಮಗಳಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿ ಜೇಬಿಗಿಟ್ಟರು. ಅಳಿಯನೊಂದಿಗೆ ಮಾತಾಡಲು ಬೇರೆ ವ್ಯವಸ್ಥೆ ಇರಲಿಲ್ಲ.

"ನಿನ್ ಗಂಡಂಗೆ ಹೇಳಮ್ಮಿ, ಮುಂದೆ ಹಂಪು ಐತೆ," ಎಂದು ಅವರು ಇಂಜಿನ್ನಿನ ಸದ್ದಿನ ಮೇಲೆ ಕೂಗಿದರು.

"ರೀ, ಮುಂದೆ ಹಂಪ್ ಇದೆಯಂತೆ," ಎಂದಿತು ಜೇಬು.

ಹಂಪು ಅಷ್ಟರಲ್ಲಿ ಹಿಂದೆ ಹೋಗಿತ್ತು. ದೊಡ್ಡರಂಗಪ್ಪ ಕುರ್ಚಿ ಸಮೇತ ಮೇಲೆದ್ದು ಕುರ್ಚಿ ಸಮೇತ ಕೂತರು.

ಹೀಗೆ ಐದಾರು ಮೈಲಿ ಹೋದ ಮೇಲೆ ರಸ್ತೆಗೆ ಅಡ್ಡ ಎರಡು ಡ್ರಮ್ಮು, ಪಕ್ಕದಲ್ಲಿ ಜೀಪು, ಜೀಪಿಗೆ ಒರಗಿ ವಿದ್ಯಾಶ್ರೀ. ನರಸಪ್ಪ ಡ್ರಮ್ಮಿನ ಹಿಂದೆ ನಿಂತು, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಆಕಾಶ ನೋಡುತ್ತಿದ್ದ. ಎಪ್ಪತ್ತೊಂಬತ್ತು ಬಂದು ನಿಂತಿತು. ಹಿಂದೆ ಛಾವಣಿಯವರೆಗೂ ಚೀಲ. ಇಷ್ಟು ಚೀಲ ತುಂಬಿದ್ದರೂ ಗಾಡಿಯ ಹಿಂಭಾಗ ಒಂದಿಂಚೂ ಇಳಿದಿಲ್ಲ. ವಿದ್ಯಾಶ್ರೀ ಇಂಥ ಗಾಡಿಗಳ ಬಗ್ಗೆ ತರಬೇತಿಯಲ್ಲಿ ಓದಿದ್ದರು.

"ಬಂಡಿ ವೆನಕ್ಕಿ ತೀಯಂಡಿ," ಎಂದರು. ಹಿಂದೆ ಇದ್ದ ಹುಣಸೆಮರ ತೋರಿಸಿ ಕನ್ನಡದಲ್ಲೂ ಹೇಳಿದರು, "ಹಿಂದಕ್ಕೆ ತಗೊಂಡು ಆ ಮರದ ಕೆಳಗೆ ನಿಲ್ಲಿಸ್ರಿ."

"ಮೇಡಂ, ಮುಂದಕ್ಕೆ ಹೋಗಿ ನಿಲ್ಲಿಸ್ಲೇನ್ರಿ?"

"ಹಿಂದಕ್ಕೆ."

"ಮುಂದೂ ಒಂದು ಮರ ಐತಲ್ರಿ, ನೆಳ್ಳೂ ಚಲೋ ಐತಿ."

"ಹಿಂದಕ್ಕೆ ಅಂದೆ."

ಮಾವ ಪಕ್ಕದಲ್ಲಿದ್ದರು. ಕಲ್ಲೇಶ ಕುತ್ತಿಗೆ ತಿರುಗಿಸಿದ. ಚೀಲ ಬಿಟ್ಟು ಏನೂ ಕಾಣಲಿಲ್ಲ. ಗೇರು ಎಳೆದ. ಅದು ಎಲ್ಲಿಗೆ ಬಿತ್ತು ಎಂಬುದು ಕ್ಲಚ್ ಬಿಟ್ಟ ಮೇಲೆ ತಿಳಿಯಿತು. ಕಾರು ಮುಂದಕ್ಕೆ ಹಾರಿ ಎರಡು ಡ್ರಮ್ಮಿನ ನಡುವೆ ತೂರಿಕೊಂಡು ಆ ಕಡೆ ಹೋಯಿತು. ಒಂದು ಡ್ರಮ್ಮು ಉರುಳುತ್ತ ಹೋಗಿ ಜೀಪಿಗೆ ಬಡಿಯಿತು.

ಆಮೇಲೆ ನಡೆದದ್ದನ್ನು ವಿದ್ಯಾಶ್ರೀ ಪರಾರಿ ಎಂದು ಬರೆದರು. ಕಲ್ಲೇಶನ ಕಡೆಯಿಂದ ನೋಡಿದರೆ ಅದು ಪರಾರಿಯಲ್ಲ, ವಾಪಸಾತಿ. ಹಿಂದಕ್ಕೆ ಬರಲಾಗದವನು ಮುಂದೆ ಎಲ್ಲಾದರೂ ಅಗಲವಾದ ಜಾಗ ಸಿಕ್ಕರೆ ತಿರುಗಿಸಿಕೊಂಡು ಬರಬೇಕು. ರಸ್ತೆ ಕಿರಿದು, ಎರಡೂ ಕಡೆ ಮೋರಿ. ಆದಷ್ಟು ಬೇಗ ತಿರುಗಿಸಿಕೊಂಡು ಹೋಗದಿದ್ದರೆ ಮೇಡಂ ತಪ್ಪು ತಿಳಿಯುತ್ತಾರೆ ಎಂದು ಅವನು ವೇಗ ಹೆಚ್ಚಿಸಿದ. ಜೀಪೂ ಹೆಚ್ಚಿಸಿತು.

"ನಿಲ್ಸು ಅಂತ ಹೇಳಮ್ಮಿ ನಿನ್ ಗಂಡಂಗೆ," ಎಂದು ದೊಡ್ಡರಂಗಪ್ಪ ಜೇಬಿಗೆ ಕೂಗಿದರು. ಜೇಬು ಸುಮ್ಮನಿತ್ತು. ಫೋನು ತೆಗೆದು ನೋಡಿದರು. ಸಿಗ್ನಲ್ ಇರಲಿಲ್ಲ. ಅಳಿಯನ ಕಿವಿ ಅವರ ಬಾಯಿಂದ ಒಂದು ಮೊಳ ದೂರದಲ್ಲಿತ್ತು. ದೊಡ್ಡರಂಗಪ್ಪ ಫೋನನ್ನು ಕಿಟಕಿಯಿಂದ ಹೊರಗೆ ಎತ್ತಿ ಹಿಡಿದು ಸಿಗ್ನಲ್ ಹುಡುಕಿದರು.

ಹಿಂದಿನ ಪ್ಲಾಸ್ಟಿಕ್ ಹಾಳೆ ಗಾಳಿಗೆ ಪಟಪಟ ಹೊಡೆದು ಹರಿಯಿತು. ಮೊದಲ ಚೀಲ ಬಿತ್ತು. ಸ್ವಲ್ಪ ದೂರದಲ್ಲಿ ಎರಡನೆಯದು. ನರಸಪ್ಪ ಜೀಪನ್ನು ಚೀಲಗಳ ಪಕ್ಕಕ್ಕೆ ತಪ್ಪಿಸುತ್ತ ಬಂದ. "ಮಾಲು ಎಸೀತಾವ್ನೆ ಮೇಡಂ," ಎಂದ. ಈಗ ಅವನು ಯಾರ ಪರಿಚಯದವನೂ ಆಗಿರಲಿಲ್ಲ. ಮೂರನೆಯದು, ನಾಲ್ಕನೆಯದು, ಐದನೆಯದು ಬಿದ್ದವು. ಹಿಂದೂಪುರದಿಂದ ಬರುತ್ತಿದ್ದ ಕಲ್ಲಿನ ಲಾರಿ ಅವುಗಳಲ್ಲಿ ಮೂರರ ಮೇಲೆ ಚಕ್ರ ಹತ್ತಿಸಿ ಅಪ್ಪಚ್ಚಿ ಮಾಡಿ ಹೋಯಿತು.

ಎರಡು ಮೈಲಿಯ ಮೇಲೆ ಪೆಟ್ರೋಲ್ ಬಂಕ್ ಸಿಕ್ಕಿತು. ಬಂಕಿನ ಅಂಗಳ ಅಗಲ. ಕಲ್ಲೇಶ ಒಳಗೆ ನುಗ್ಗಿ, ಪಂಪುಗಳ ಹಿಂದಿನಿಂದ ಸುತ್ತು ಹಾಕಿ, ಹಿಂದಿನ ಚಕ್ರ ಜಾರಿಸಿ ಧೂಳೆಬ್ಬಿಸಿಕೊಂಡು ಹೊರಗೆ ಬಂದ. ಅಷ್ಟು ಚೆನ್ನಾದ ತಿರುವನ್ನು ಅವನು ಓಬಳಾಪುರದ ದಾರಿಯಲ್ಲೂ ಹೊಡೆದಿರಲಿಲ್ಲ. ನೋಡಿದವರು ಬಂಕಿನ ಇಬ್ಬರು ಹೆಂಗಸರು ಮತ್ತು ಎದುರಿಗೇ ಬರುತ್ತಿದ್ದ ಜೀಪು. ಅವನು ಮರ್ಯಾದೆಯಿಂದ ಜೀಪಿನ ಪಕ್ಕದಿಂದ ದಾಟಿ, ಬಿದ್ದಿದ್ದ ಉಳಿದ ಎರಡು ಚೀಲಗಳ ಮೇಲೆ ತಾನೇ ಚಕ್ರ ಹತ್ತಿಸಿ, ಚೆಕಿಂಗ್ ಜಾಗಕ್ಕೆ ಬಂದು, ಮೇಡಂ ಹೇಳಿದ ಹುಣಸೆಮರದ ಕೆಳಗೆ ನಿಲ್ಲಿಸಿದ. ಜೀಪು ತಿರುಗಿ ಬರುವುದಕ್ಕೆ ಸ್ವಲ್ಪ ಹೊತ್ತಾಯಿತು.

"ಬಂದೆ ಮೇಡಂ," ಎಂದ.

ಉಳಿದ ಏಳು ಚೀಲವನ್ನೂ ಟಾರ್ಪಾಲಿನ ಮೇಲೆ ಸುರಿದರು. ನರಸಪ್ಪ ಮೊಣಕೈವರೆಗೂ ಗೂಡಿನಲ್ಲಿ ಕೈಯಾಡಿಸಿದ. ಪಾಕೀಟು ಸಿಗಲಿಲ್ಲ. ವಿದ್ಯಾಶ್ರೀ ಒಂದು ಗೂಡು ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಹುಳ ಕಟಕಟ ಎಂದಿತು.

"ಇದು ರೇಷ್ಮೆ ಗೂಡು," ಎಂದರು.

"ಹೌದ್ರಿ ಮೇಡಂ."

"ಮತ್ತೆ ಯಾಕೆ ಓಡಿದ್ರಿ?"

"ಓಡಲಿಲ್ರಿ. ತಿರುಗಿಸ್ಕಂಡು ಬಂದೆ."

"ಲೈಸೆನ್ಸ್ ಕೊಡಿ."

ಕಲ್ಲೇಶ ಜೇಬಿಗೆ ಕೈಹಾಕಿ ರೇಸಿನ ಅರ್ಜಿ ಕೊಟ್ಟ. ವಿದ್ಯಾಶ್ರೀ ಓದಿದರು. ಖಾಲಿ ಬಿಟ್ಟ ಜಾಗದಲ್ಲಿ ಬೆರಳು ನಿಲ್ಲಿಸಿದರು. ಆಮೇಲೆ ಕಾರನ್ನು ನೋಡಿದರು: ಪಂಜರ, ಹಗ್ಗ, ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಪಾಸ್‌ಬುಕ್ ಹಿಡಿದ ಯಜಮಾನ.

"ಏನಿದು ಗಾಡಿ?"

"ರೇಸ್ ಕಾರ್ ಮೇಡಂ," ಎಂದ ಕಲ್ಲೇಶ. ಬೇರೆ ಏನು ಹೇಳಿದರೂ ಈಗ ಪ್ರಯೋಜನವಿರಲಿಲ್ಲ.

ಅವರು ಬರೆದುಕೊಂಡರು. ಕಲ್ಲೇಶ ಇಣುಕಿದ. ಅನುಮತಿಯಿಲ್ಲದೆ ಮಾರ್ಪಡಿಸಿದ ಸರಕು ವಾಹನ ಎಂದಿತ್ತು.

"ರೇಸ್ ಕಾರ್ ಅಂತ ಬರೀರಿ ಮೇಡಂ."

"ಆ ಕಾಲಂ ಇಲ್ಲ," ಎಂದರು ವಿದ್ಯಾಶ್ರೀ.

ಏಳು ಚೀಲ ಗೂಡನ್ನು ನರಸಪ್ಪ ಒಂದು ಶೇರ್ ಆಟೋಗೆ ಹತ್ತಿಸಿದ. ಹರಾಜಿನ ಹೊತ್ತು ಮೀರುತ್ತಿತ್ತು, ಕಾರಿನ ಮಾಲೀಕರಾದ ದೊಡ್ಡರಂಗಪ್ಪ ಜಪ್ತಿಯ ಕಾಗದಕ್ಕೆ ಸಹಿ ಹಾಕಲು ಉಳಿಯಬೇಕಿತ್ತು. ಹರಾಜಿಗೆಂದು ಹಿಂದಿನಿಂದ ಬೈಕಿನಲ್ಲಿ ಬಂದ ಶಿವಲಕ್ಷ್ಮಿಯ ಚಿಕ್ಕಪ್ಪನ ಮಗ ಗೋವರ್ಧನ್ ಪಾಸ್‌ಬುಕ್ ಇಸಿದುಕೊಂಡು ಆಟೋ ಹಿಂದೆಯೇ ಹೋದ. ದೊಡ್ಡರಂಗಪ್ಪ ಎದ್ದರು. ಕುರ್ಚಿ ಬಿಚ್ಚಿಕೊಳ್ಳಲು ಹೋದರೆ, ಜಪ್ತಿ ಮಾಡಿದ ಗಾಡಿಯಿಂದ ಏನೂ ತೆಗೆಯುವಂತಿಲ್ಲ ಎಂದರು ವಿದ್ಯಾಶ್ರೀ. ಕ್ರೇನು ಬಂದು ಕಾರಿನ ಹಿಂಭಾಗ ಎತ್ತಿ ಎಳೆದುಕೊಂಡು ಹೊರಟಿತು. ಆ ಕಾರು ಅಷ್ಟು ನೆಟ್ಟಗೆ ರಿವರ್ಸ್ ಹೋಗುವುದನ್ನು ಕಲ್ಲೇಶ ಮೊದಲ ಸಲ ನೋಡಿದ. ಹಿಂದೆಯೇ ಜೀಪೂ ಹೋಯಿತು.

ಹುಣಸೆಮರದ ಕೆಳಗೆ ಮಾವ ಮತ್ತು ಅಳಿಯ ಉಳಿದರು. ದೊಡ್ಡರಂಗಪ್ಪ ಫೋನು ತೆಗೆದರು. ಸಿಗ್ನಲ್ ಇರಲಿಲ್ಲ. ಯಾರಾದರೂ ಬರುತ್ತಾರೋ ಎಂದು ರಸ್ತೆಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ಯಾರೂ ಇರಲಿಲ್ಲ. ಫೋನನ್ನು ಜೇಬಿಗಿಟ್ಟು, ಕೋಲು ನೆಲಕ್ಕೂರಿ, ಅಳಿಯನ ಕಡೆ ತಿರುಗಿದರು. ಮುಖವನ್ನು ಪೂರ್ತಿ ನೋಡಿದರು. ಏಳು ವರ್ಷದಿಂದ ಇದಕ್ಕೇ ಕಾದಿದ್ದ ಕಲ್ಲೇಶ ನೆಟ್ಟಗೆ ನಿಂತುಕೊಂಡ.

"ಸೀಟು ಎಲ್ಲಿ ಅವೆ?" ಎಂದರು ದೊಡ್ಡರಂಗಪ್ಪ.

"ಒಂದು ಕಟ್ಟೆಗೆ ಸಿಮೆಂಟ್ ಆಗೈತೆ ಮಾವ. ಇನ್ನೊಂದ್ರ ಮೇಲೆ ಒಬ್ರು ಮಲಗವ್ರೆ."

ಮಾವ ಅವನ ಮುಖ ನೋಡುತ್ತಲೇ ಒಂದೊಂದಾಗಿ ಬೆರಳು ಮಡಿಸಿದರು.

"ಐದು ಚೀಲ ಗೂಡು. ಎರಡು ಸೀಟು. ಹಿಂದಿನ ಗಾಜು ಒಂದು. ಕಾರು ಒಂದು. ಮನೆ ಕುರ್ಚಿ ಒಂದು."